ಹಬ್ಬದ ಎಲೆಯ ಮೇಲಿನ ಗೋಧಿ

ಯುಗಾದಿಯ ಮಧ್ಯಾಹ್ನ. ಹಜಾರದಲ್ಲಿ ಎರಡು ಸಾಲು ಬಾಳೆಯೆಲೆ ಹಾಕಿದ್ದರು. ಕೋಸಂಬರಿ, ಪಲ್ಯ, ಚಿತ್ರಾನ್ನಗಳನ್ನು ಬಡಿಸಿಯಾಗಿ ಹೋಳಿಗೆಯ ಸರದಿ ಬಂದಿತ್ತು. ಬಿಸಿ ಹೋಳಿಗೆಯ ತಟ್ಟೆಯನ್ನು ಹಿಡಿದು ನನ್ನ ತಾಯಿಯವರು ಒಬ್ಬೊಬ್ಬರಿಗೂ ಬಡಿಸುತ್ತ ಬಂದು, ನನ್ನ ತಂಗಿಯ ಮಗಳ ಎಲೆಯ ಮುಂದೆ ನಿಂತರು. ಹದಿನಾರು ವರ್ಷದ ಹುಡುಗಿ ಎಲೆಗೆ ಕೈಯಡ್ಡ ಹಿಡಿದಳು. "ಬೇಡ ಅಜ್ಜಿ, ಡಾಕ್ಟರು ಗೋಧಿ ಮುಟ್ಟಬಾರದು ಅಂದಿದ್ದಾರೆ." ಅಜ್ಜಿಯ ಮುಖ ಚಿಕ್ಕದಾಯಿತು. "ಒಂದೇ ಒಂದು ಚೂರು ತಿಂದರೆ ಏನಾಗುತ್ತೆ ಮಗು? ವರ್ಷದ ಮೊದಲನೆಯ ದಿನ ಸಿಹಿ ಬೇಡ ಅನ್ನಬಾರದು."

ಆ ಪ್ರಶ್ನೆಯಲ್ಲಿ ಪ್ರೀತಿಯಿತ್ತು, ಸ್ವಲ್ಪ ನೋವೂ ಇತ್ತು. ಆದರೆ ಅದನ್ನು ಬರಿಯ ಉಪಚಾರದ ಮಾತೆಂದು ತಳ್ಳಿಹಾಕುವಂತಿಲ್ಲ. ಒಂದು ಚೂರು ತಿಂದರೆ ಏನಾಗುತ್ತದೆ? ಎಷ್ಟು ದೊಡ್ಡ ಚೂರು? ಎಷ್ಟು ಸಲ? ಈ ಪ್ರಶ್ನೆಗಳಿಗೆ ಉತ್ತರ ದೊರೆಯಲು ವೈದ್ಯವಿಜ್ಞಾನಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಹುಡುಗಿಗೆ ಇರುವುದು ಸೀಲಿಯಾಕ್ ರೋಗ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನನ್ನು ಅವಳ ಕರುಳು ತಾಳಲಾರದು. ಈ ರೋಗಕ್ಕೆ ಈವರೆಗೆ ದೃಢಪಟ್ಟಿರುವ ಚಿಕಿತ್ಸೆ ಒಂದೇ: ಜೀವಮಾನವಿಡೀ ಗ್ಲುಟೆನ್ ಇಲ್ಲದ ಆಹಾರ. ಮನೆಯಲ್ಲಿ ದಿನನಿತ್ಯದ ಅಡಿಗೆಯಲ್ಲಿ ಇದು ಅಷ್ಟೇನೂ ಕಷ್ಟವಲ್ಲ. ಕಷ್ಟವಾಗುವುದು ಹಬ್ಬದ ಪಂಕ್ತಿಯಲ್ಲಿ ಮತ್ತು ಪ್ರವಾಸದಲ್ಲಿ, ಎಂದರೆ ಪರರ ಕೈಯ ಅಡಿಗೆಯನ್ನು ಉಣ್ಣಬೇಕಾದಾಗ.

ಗ್ಲುಟೆನ್ ಎಂದರೇನೆಂಬುದನ್ನು ಯಾರು ಬೇಕಾದರೂ ಮನೆಯಲ್ಲಿಯೇ ನೋಡಬಹುದು. ಒಂದು ಹಿಡಿ ಮೈದಾಹಿಟ್ಟಿಗೆ ನೀರು ಹಾಕಿ ಗಟ್ಟಿಯಾಗಿ ನಾದಿ, ಅರ್ಧ ಗಂಟೆ ಹಾಗೆಯೇ ಬಿಡಿ. ಅನಂತರ ಆ ಉಂಡೆಯನ್ನು ಒಂದು ಪಾತ್ರೆಯ ನೀರಿನಲ್ಲಿ ಮೆಲ್ಲಗೆ ಹಿಸುಕುತ್ತ ತೊಳೆಯಿರಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಹೀಗೆ ಹೊರಟುಹೋಗುವುದು ಪಿಷ್ಟ. ನೀರನ್ನು ಬದಲಾಯಿಸುತ್ತ ತೊಳೆದರೆ ಕೊನೆಗೆ ಕೈಯಲ್ಲಿ ಬೂದುಬಣ್ಣದ, ರಬ್ಬರಿನಂತೆ ಎಳೆದರೆ ಹಿಗ್ಗುವ ಒಂದು ಮುದ್ದೆ ಉಳಿಯುತ್ತದೆ. ಅದೇ ಗ್ಲುಟೆನ್. ಇಟಲಿಯ ಬೊಲೋನ್ಯಾ ನಗರದ ಬೆಕ್ಕಾರಿ ಎಂಬ ವಿದ್ವಾಂಸನು 1728ರಲ್ಲಿ ಅಲ್ಲಿನ ವಿದ್ವತ್ಸಭೆಗೆ ತಿಳಿಸಿದ್ದು ಹೆಚ್ಚುಕಡಮೆ ಇದೇ ಪ್ರಯೋಗವನ್ನು.

ಈ ಮುದ್ದೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಪ್ರೋಟೀನುಗಳಿವೆ: ಗ್ಲಯಾಡಿನ್ ಮತ್ತು ಗ್ಲುಟೆನಿನ್. ಒಣ ಹಿಟ್ಟಿನಲ್ಲಿ ಇವು ಬಿಡಿಬಿಡಿಯಾಗಿರುತ್ತವೆ. ನೀರು ಸೇರಿಸಿ ನಾದಿದಾಗ ಒಂದಕ್ಕೊಂದು ಹೆಣೆದುಕೊಂಡು ಬಲೆಯಂತಾಗುತ್ತವೆ. ಗ್ಲುಟೆನಿನ್ ಬಿಗಿಯನ್ನು ಕೊಟ್ಟರೆ ಗ್ಲಯಾಡಿನ್ ಹಿಗ್ಗುವ ಗುಣವನ್ನು ಕೊಡುತ್ತದೆ. ಹೋಳಿಗೆಯ ಕಣಕವನ್ನು ಚೆನ್ನಾಗಿ ನಾದಿ, ಎಣ್ಣೆಯಲ್ಲಿ ಕೆಲವು ಗಂಟೆ ನೆನೆಯಿಡುವುದನ್ನು ವಾಚಕರು ನೋಡಿರಬಹುದು. ಆ ವೇಳೆಯಲ್ಲಿ ಬಲೆಯ ಬಿಗಿ ಸಡಿಲಗೊಳ್ಳುತ್ತದೆ. ಆದುದರಿಂದಲೇ ಹೂರಣವನ್ನು ತುಂಬಿ ತಟ್ಟಿದಾಗ ಕಣಕವು ಹರಿಯದೆ, ಒಳಗಿನ ಹಳದಿ ಕಾಣುವಷ್ಟು ತೆಳುವಾಗುತ್ತದೆ. ಹೋಳಿಗೆಯ ಹೆಚ್ಚುಗಾರಿಕೆಗೆ ಕಾರಣವಾದ ವಸ್ತುವೇ ಆ ಹುಡುಗಿಗೆ ವಿಷವಾಗಿದೆ.

ಅಕ್ಕಿ, ರಾಗಿ, ಜೋಳ, ಸಜ್ಜೆಗಳಲ್ಲಿ ಇಂಥ ಬಲೆಯಿಲ್ಲ. ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ತಟ್ಟಿ ನೋಡಿ, ಅಂಚೆಲ್ಲ ಬಿರಿಯುತ್ತದೆ. ಅದಕ್ಕೆಂದೇ ನಮ್ಮ ಹೆಂಗಸರು ಕುದಿಯುವ ನೀರನ್ನು ಹಾಕುತ್ತಾರೆ. ಅಕ್ಕಿಯ ಹಿಟ್ಟನ್ನಾದರೆ ಉಕ್ಕರಿಸಿಕೊಳ್ಳುತ್ತಾರೆ. ಬಿಸಿನೀರಿನಲ್ಲಿ ಪಿಷ್ಟವು ಅರ್ಧ ಬೆಂದು ಅಂಟಾಗಿ, ಗ್ಲುಟೆನ್ ಮಾಡಬೇಕಾದ ಕೆಲಸವನ್ನು ತಾನೇ ಮಾಡುತ್ತದೆ. ಇಂದು ಪಾಶ್ಚಾತ್ಯ ದೇಶಗಳ ಆಹಾರ ಪ್ರಯೋಗಾಲಯಗಳಲ್ಲಿ ಗ್ಲುಟೆನ್ ಇಲ್ಲದ ಬ್ರೆಡ್ಡನ್ನು ಮಾಡಲು ಬಹಳ ಶ್ರಮಪಡುತ್ತಿದ್ದಾರೆ. ಗ್ಲುಟೆನ್ ಇಲ್ಲದ ರೊಟ್ಟಿಯ ವಿದ್ಯೆ ನಮ್ಮ ಅಡಿಗೆಮನೆಗಳಿಗೆ ಹಳೆಯದು.

ಇನ್ನು ಕರುಳಿನೊಳಗೆ ನಡೆಯುವುದನ್ನು ನೋಡೋಣ. ನಾವು ತಿಂದ ಪ್ರೋಟೀನನ್ನು ಜೀರ್ಣರಸಗಳಲ್ಲಿರುವ ಕಿಣ್ವಗಳು ಕತ್ತರಿಸಿ ಅಮೈನೊ ಆಮ್ಲಗಳನ್ನಾಗಿ ಮಾಡುತ್ತವೆಯಷ್ಟೆ. ಗ್ಲಯಾಡಿನ್‌ನಲ್ಲಿ ಪ್ರೋಲಿನ್ ಮತ್ತು ಗ್ಲುಟಮಿನ್ ಎಂಬ ಅಮೈನೊ ಆಮ್ಲಗಳು ವಿಪರೀತವಾಗಿವೆ. ಪ್ರೋಲಿನ್ ಇರುವ ಕಡೆ ನಮ್ಮ ಕಿಣ್ವಗಳ ಕತ್ತರಿ ಆಡುವುದಿಲ್ಲ. ಹೀಗಾಗಿ ಎಷ್ಟೇ ಜೀರ್ಣವಾದರೂ ಕೆಲವು ಉದ್ದನೆಯ ತುಂಡುಗಳು ಉಳಿದೇ ಉಳಿಯುತ್ತವೆ. ಇವುಗಳಲ್ಲಿ 33 ಅಮೈನೊ ಆಮ್ಲಗಳ ಒಂದು ತುಂಡನ್ನು ವಿಜ್ಞಾನಿಗಳು 2002ರಲ್ಲಿ ಗುರುತಿಸಿದರು. ಇಂಥ ತುಂಡುಗಳು ಎಲ್ಲರ ಹೊಟ್ಟೆಯಲ್ಲಿಯೂ ಉಳಿಯುತ್ತವೆ. ಹೆಚ್ಚಿನವರಿಗೆ ಅದರಿಂದ ಬಾಧಕವಿಲ್ಲ. ಸೀಲಿಯಾಕ್ ರೋಗಿಗಳಲ್ಲಿ ಮಾತ್ರ ಕಥೆ ಬೇರೆ. ಕರುಳಿನ ಗೋಡೆಯಲ್ಲಿರುವ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವವು ಈ ತುಂಡುಗಳನ್ನು ಸ್ವಲ್ಪ ಮಾರ್ಪಡಿಸುತ್ತದೆ. ಮಾರ್ಪಟ್ಟ ತುಂಡು, ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಬಗೆಯ ಅಣುವನ್ನು ತಮ್ಮ ಜೀವಕೋಶಗಳ ಮೇಲೆ ಹೊತ್ತಿರುವವರಲ್ಲಿ, ಬೀಗಕ್ಕೆ ಕೀಲಿಕೈ ಕೂರುವಂತೆ ಕೂರುತ್ತದೆ. ದೇಹದ ಕಾವಲಿನ ಬಿಳಿಯ ರಕ್ತಕಣಗಳು ಇದನ್ನು ಶತ್ರುವೆಂದು ಬಗೆದು ಯುದ್ಧ ಹೂಡುತ್ತವೆ.

ಪೆಟ್ಟು ಬೀಳುವುದು ಕರುಳಿಗೇ. ಸಣ್ಣಕರುಳಿನ ಒಳಗೋಡೆಯ ಮೇಲೆ ವಿಲ್ಲೈ ಎಂಬ, ಮಖಮಲ್ಲಿನ ನವಿರಿನಂಥ, ಲಕ್ಷಾಂತರ ಬೆರಳುಗಳಿವೆ. ಅನ್ನಸಾರವನ್ನು ಹೀರಿಕೊಳ್ಳುವುದು ಈ ಬೆರಳುಗಳೇ. ಯುದ್ಧದಲ್ಲಿ ಇವು ಮೊಂಡಾಗಿ, ಕಡೆಗೆ ನೆಲಸಮವಾಗುತ್ತವೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಕಬ್ಬಿಣ ಹೀರದೆ ರಕ್ತಹೀನತೆ, ಸುಣ್ಣದಂಶ ಹೀರದೆ ಮೂಳೆಯ ದೌರ್ಬಲ್ಯ, ಮಕ್ಕಳಲ್ಲಿ ಬೆಳವಣಿಗೆಯ ಕುಂಠಿತ, ಕೆಲವರಲ್ಲಿ ಭೇದಿ, ಹೊಟ್ಟೆಯುಬ್ಬರ. ಇನ್ನು ಕೆಲವರಲ್ಲಿ ಹೊರಗೆ ಯಾವ ಲಕ್ಷಣವೂ ತೋರದು. ಗ್ಲುಟೆನ್ ನಿಂತರೆ ಬೆರಳುಗಳು ಮತ್ತೆ ಚಿಗುರುತ್ತವೆಂಬುದು ಸಮಾಧಾನದ ಸಂಗತಿ. ಮಕ್ಕಳಲ್ಲಿ ಬೇಗ, ದೊಡ್ಡವರಲ್ಲಿ ಒಂದೆರಡು ವರ್ಷಗಳಾದರೂ ಹಿಡಿಯುವುದುಂಟು.

ದೋಷ ಗೋಧಿಯದೆಂದು ಕಂಡುಹಿಡಿದ ಬಗೆ ವಿಚಿತ್ರವಾದುದು. ಲಂಡನ್ನಿನ ಸ್ಯಾಮ್ಯುಅಲ್ ಜೀ ಎಂಬ ವೈದ್ಯನು 1888ರಲ್ಲಿ ಈ ರೋಗವನ್ನು ಸ್ಪಷ್ಟವಾಗಿ ವರ್ಣಿಸಿ, ಗುಣವಾಗುವುದಾದರೆ ಪಥ್ಯದಿಂದಲೇ ಆಗಬೇಕೆಂದು ಬರೆದನು. ಯಾವ ಪಥ್ಯವೆಂದು ಅವನಿಗೆ ತಿಳಿಯದು. ಒಂದು ಮಗುವಿಗೆ ಹಾಲೆಂಡಿನ ಕಪ್ಪೆಚಿಪ್ಪಿನ ಮಾಂಸವನ್ನು ದಿನವೂ ಕೊಟ್ಟಾಗ ಅದು ಚೇತರಿಸಿಕೊಂಡಿತು. ಚಿಪ್ಪಿನ ಕಾಲ ಮುಗಿಯುತ್ತಲೇ ರೋಗ ಮರುಕಳಿಸಿತು. ಮರುವರ್ಷ ಮಗು ಅದನ್ನು ಬಾಯಿಗಿಡಲೇ ಒಪ್ಪಲಿಲ್ಲ! ಅಮೆರಿಕದ ಸಿಡ್ನಿ ಹಾಸ್ 1924ರಲ್ಲಿ ಬಾಳೆಯಹಣ್ಣಿನ ಪಥ್ಯವನ್ನು ಪ್ರಚಾರಕ್ಕೆ ತಂದನು. ಮಕ್ಕಳು ಗುಣಮುಖರಾದುದು ನಿಜ. ಆದರೆ ಅವನು ಅದೇ ಪಥ್ಯದಲ್ಲಿ ಬ್ರೆಡ್ಡನ್ನೂ ಬಿಡಿಸಿದ್ದನೆಂಬುದನ್ನು ಯಾರೂ ಗಮನಿಸಲಿಲ್ಲ. ಕೀರ್ತಿಯೆಲ್ಲ ಬಾಳೆಯಹಣ್ಣಿಗೆ ಹೋಯಿತು.

ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆಗೆ ಎರಡನೆಯ ಮಹಾಯುದ್ಧಕ್ಕೆ ಮೊದಲೇ ಗೋಧಿಯ ಮೇಲೆ ಸಂಶಯವಿತ್ತು. 1944-45ರ ಚಳಿಗಾಲದಲ್ಲಿ ಪಶ್ಚಿಮ ಹಾಲೆಂಡಿನಲ್ಲಿ ಭೀಕರ ಕ್ಷಾಮವುಂಟಾಯಿತು. ಬ್ರೆಡ್ಡು ಕಣ್ಮರೆಯಾಯಿತು, ಜನ ಹೂವಿನ ಗೆಡ್ಡೆಗಳನ್ನೂ ಬೇಯಿಸಿ ತಿಂದರು. ಸಾವಿರಾರು ಜನ ಸತ್ತ ಆ ಕಾಲದಲ್ಲಿ ಸೀಲಿಯಾಕ್ ರೋಗದ ಮಕ್ಕಳು ಮಾತ್ರ ಮೊದಲಿಗಿಂತ ಮೇಲಾದರು. ಯುದ್ಧ ಮುಗಿದು ಬ್ರೆಡ್ಡು ಮರಳಿ ಬಂದಾಗ ಅವರ ರೋಗವೂ ಮರಳಿತು. ಡಿಕೆ ಇಷ್ಟಕ್ಕೇ ತೃಪ್ತನಾಗದೆ, ಮಕ್ಕಳಿಗೆ ಒಂದೊಂದು ಧಾನ್ಯವನ್ನು ಕೊಟ್ಟು ನಿಲ್ಲಿಸಿ ಪರೀಕ್ಷಿಸಿ, 1950ರಲ್ಲಿ ತನ್ನ ಪ್ರೌಢಪ್ರಬಂಧವನ್ನು ಪ್ರಕಟಿಸಿದನು. ಗೋಧಿಯ ಬಂಧುಗಳಾದ ರೈ ಮತ್ತು ಬಾರ್ಲಿಗಳಲ್ಲಿಯೂ ಇದೇ ಜಾತಿಯ ಪ್ರೋಟೀನುಗಳಿವೆಯೆಂಬುದು ಮುಂದೆ ಖಚಿತವಾಯಿತು. ಅದೇ ಯುದ್ಧ ನಮ್ಮಲ್ಲಿ ತದ್ವಿರುದ್ಧವಾದ ಕೆಲಸ ಮಾಡಿತೆಂಬುದು ತಮಾಷೆಯ ಸಂಗತಿ. ಅಕ್ಕಿಯ ಅಭಾವದಿಂದ ಆಗ ಇಡ್ಲಿಗೆ ಗೋಧಿರವೆಯನ್ನು ಬಳಸಿ ರವೆ ಇಡ್ಲಿಯನ್ನು ಮೊದಲು ಮಾಡಿದವರು ತಾವೆಂದು ಬೆಂಗಳೂರಿನ ಮಾವಳ್ಳಿ ಟಿಫನ್ ರೂಮಿನವರು ಹೇಳುತ್ತಾರೆ.

ಈಗ ಅಜ್ಜಿಯ ಪ್ರಶ್ನೆಗೆ ಬರಬಹುದು. ಗೋಧಿಹಿಟ್ಟಿನ ತೂಕದಲ್ಲಿ ಸುಮಾರು ಹತ್ತರಲ್ಲೊಂದು ಭಾಗ ಗ್ಲುಟೆನ್ ಎಂದು ಸ್ಥೂಲವಾಗಿ ಎಣಿಸೋಣ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪಥ್ಯದಲ್ಲಿದ್ದ ರೋಗಿಗಳಿಗೆ ಮೂರು ತಿಂಗಳ ಕಾಲ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೊಟ್ಟಾಗ ಕರುಳಿನ ಬೆರಳುಗಳು ಮೊಂಡಾದುದು ಕಂಡುಬಂದಿತು. 50 ಮಿಲಿಗ್ರಾಂ ಗ್ಲುಟೆನ್ ಎಂದರೆ ಅರ್ಧ ಗ್ರಾಂ ಹಿಟ್ಟು. ಗೋಲಿಗಿಂತಲೂ ಚಿಕ್ಕದಾದ ಕಣಕದ ಉಂಡೆ. ಒಂದು ಹೋಳಿಗೆಗೆ 20 ಗ್ರಾಂ ಹಿಟ್ಟು ಹಿಡಿಯುತ್ತದೆಂದು ಇಟ್ಟುಕೊಂಡರೆ ಅದರ ಕಾಲುಭಾಗದ ಚೂರಿನಲ್ಲಿ ಅದರ ಹತ್ತರಷ್ಟಿರುತ್ತದೆ. ಒಂದು ಸಲ ತಿಂದ ಮಾತ್ರಕ್ಕೆ ಕರುಳು ಶಾಶ್ವತವಾಗಿ ಕೆಡುವುದಿಲ್ಲ. ಕೆಲವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ, ಹೊಟ್ಟೆನೋವು ಬರುತ್ತದೆ. ಕೆಲವರಿಗೆ ಏನೂ ತಿಳಿಯುವುದಿಲ್ಲ. ಈ ಎರಡನೆಯವರೇ ಹೆಚ್ಚಿನ ಅಪಾಯದಲ್ಲಿರುವವರು. "ಹೋದ ಹಬ್ಬದಲ್ಲಿ ತಿಂದೆಯಲ್ಲ, ಏನೂ ಆಗಲಿಲ್ಲವಲ್ಲ" ಎಂಬ ಮಾತಿಗೆ ಅವರಲ್ಲಿ ಉತ್ತರವಿರುವುದಿಲ್ಲ. ನಮ್ಮಲ್ಲಿ ಹಬ್ಬ, ಮದುವೆ, ಗೃಹಪ್ರವೇಶಗಳಿಗೆ ಬರಗಾಲವೂ ಇಲ್ಲ.

ಗ್ಲುಟೆನ್‌ರಹಿತ ಎಂಬ ಚೀಟಿಯ ಪೊಟ್ಟಣಗಳಲ್ಲಿ ಒಂದು ಕಿಲೋಗ್ರಾಮಿಗೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಕೂಡದೆಂಬುದು ಅಂತರರಾಷ್ಟ್ರೀಯ ನಿಯಮ; ನಮ್ಮ ದೇಶದ ನಿಯಮವೂ ಅದೇ. ಅಂಥ ಆಹಾರವನ್ನು ಅರ್ಧ ಕಿಲೋ ತಿಂದರೂ ಹೊಟ್ಟೆಗೆ ಹೋಗುವುದು ಹೆಚ್ಚೆಂದರೆ 10 ಮಿಲಿಗ್ರಾಂ. ಅಷ್ಟರಿಂದ ಬಹುಮಂದಿಗೆ ತೊಂದರೆಯಾಗುವ ಸಂಭವ ಕಡಮೆಯೆಂದು ತಜ್ಞರ ಅಭಿಪ್ರಾಯ.

ಈ ಅಳತೆಗೋಲನ್ನು ಹಿಡಿದು ಹಬ್ಬದ ಎಲೆಯನ್ನು ನೋಡಿದರೆ ಹಲವು ಸಂಗತಿಗಳು ಹೊಳೆಯುತ್ತವೆ. ಹೆಸರುಬೇಳೆಯ ಕೋಸಂಬರಿ, ಪಲ್ಯ, ಅನ್ನ, ತೊವ್ವೆ, ಮಜ್ಜಿಗೆಗಳಲ್ಲಿ ಸ್ವಭಾವತಃ ಗೋಧಿಯಿಲ್ಲ. ಹೋಳಿಗೆ, ಚಿರೋಟಿ, ಪೂರಿಗಳಲ್ಲಿ ಇದೆಯೆಂದು ಎಲ್ಲರಿಗೂ ಗೊತ್ತು. ನಡುವೆ ಇರುವುವು ಮೋಸದ ಪದಾರ್ಥಗಳು. ಪಾಯಸವೆಂದರೆ ಯಾವ ಪಾಯಸ? ಅಕ್ಕಿಯದಾದರೆ ಸರಿ, ಅಂಗಡಿಯ ಶಾವಿಗೆಯದಾದರೆ ಸಾಮಾನ್ಯವಾಗಿ ಗೋಧಿ. ಅಕ್ಕಿಯ ಒತ್ತುಶಾವಿಗೆಯದಾದರೆ ಮತ್ತೆ ಸರಿ. ಚಕ್ಕುಲಿ ಅಕ್ಕಿಹಿಟ್ಟಿನದು, ಆದರೆ ಕೋಡುಬಳೆಗೂ ನಿಪ್ಪಟ್ಟಿಗೂ ಗರಿಯಾಗಲೆಂದು ಮೈದಾ ಅಥವಾ ಚಿರೋಟಿರವೆಯನ್ನು ಬೆರೆಸುವವರು ಬಹಳ. ಗಣೇಶನ ಹಬ್ಬದ ಹಬೆಯಲ್ಲಿ ಬೇಯಿಸಿದ ಕಡುಬು ಅಕ್ಕಿಯದು, ಕರಿದ ಕರ್ಜಿಕಾಯಿ ಗೋಧಿಯದು. ರಾಗಿಮಾಲ್ಟ್ ನಿರಪಾಯ, ಬಾರ್ಲಿಯ ಮಾಲ್ಟ್ ಸೇರಿದ ಪಾನೀಯ ಅಪಾಯ. ಹೆಸರು ಒಂದೇ, ಧಾನ್ಯ ಬೇರೆ. ಉತ್ತರ ಕರ್ನಾಟಕದ ಹುಗ್ಗಿಗೆ ಬಳಸುವ ಸದಕದಂಥ ಹಳೆಯ ತಳಿಯ ಗೋಧಿ ಆರೋಗ್ಯಕ್ಕೆ ಒಳ್ಳೆಯದೆಂದು ಕೆಲವರು ಈ ರೋಗಿಗಳಿಗೂ ಹೇಳುವುದುಂಟು. ಹಳೆಯದಾದರೂ ಅದು ಗೋಧಿಯೇ, ಗ್ಲುಟೆನ್ ಅದರಲ್ಲಿಯೂ ಇದೆ. ಸಂಕ್ರಾಂತಿಯೊಂದು ಮಾತ್ರ ಈ ಹುಡುಗಿಯ ಪಾಲಿಗೆ ನಿಶ್ಚಿಂತೆಯ ಹಬ್ಬ: ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ, ಅಕ್ಕಿ ಹೆಸರುಬೇಳೆಯ ಪೊಂಗಲ್.

ಇಂಗಿನ ಮಾತು ಬೇರೆಯಾಗಿ ಹೇಳಬೇಕು. ಇಂಗು ಇರಾನ್, ಅಫಘಾನಿಸ್ತಾನಗಳ ಕಡೆ ಬೆಳೆಯುವ ಒಂದು ಗಿಡದ ಬೇರಿನಿಂದ ಒಸರುವ ಅಂಟು. ಶುದ್ಧ ಇಂಗಿನ ಘಾಟು ಅತಿ ತೀಕ್ಷ್ಣವಾದುದರಿಂದ ಅದಕ್ಕೆ ಗೋಂದನ್ನೂ ಹಿಟ್ಟನ್ನೂ ಬೆರೆಸಿ ಮಾರುತ್ತಾರೆ. ಆ ಹಿಟ್ಟು ಅನೇಕ ವೇಳೆ ಗೋಧಿಯದು. ಸಾರು, ಹುಳಿ, ಚಿತ್ರಾನ್ನ, ಉಪ್ಪಿನಕಾಯಿ, ಹಪ್ಪಳ, ಒಗ್ಗರಣೆಯ ಮಜ್ಜಿಗೆ, ಎಲ್ಲದರಲ್ಲಿಯೂ ಇಂಗಿದೆ. ಲೆಕ್ಕ ಹಾಕೋಣ. ನಾಲ್ವರ ಸಾರಿಗೆ ಕಾಲು ಗ್ರಾಂ ಇಂಗು. ಅದರಲ್ಲಿ ಅರ್ಧ ಗೋಧಿಹಿಟ್ಟೆಂದು ಭಾವಿಸಿದರೆ ಒಬ್ಬರ ಪಾಲಿಗೆ ಬರುವ ಗ್ಲುಟೆನ್ ಸುಮಾರು 3 ಮಿಲಿಗ್ರಾಂ. ಒಂದು ಸಾರಿನಿಂದ ಹೆಚ್ಚೇನೂ ಆಗದು. ಹಬ್ಬದ ದಿನ ಐದಾರು ಪದಾರ್ಥಗಳಿಂದ ಸೇರಿದರೆ ಮಿತಿಯನ್ನು ದಾಟುತ್ತದೆ. ಅಕ್ಕಿಹಿಟ್ಟು ಬೆರೆಸಿದ ಇಂಗು ದೊರೆಯುತ್ತದೆ, ಅದನ್ನು ತಂದರೆ ಚಿಂತೆಯಿಲ್ಲ. ಆದರೆ ಇಂಗಿಗಾಗಿ ಅಂಗಡಿಯಂಗಡಿ ಅಲೆದು, ಮನೆಯಲ್ಲಿ ಪೂರಿ ಕರಿದ ಎಣ್ಣೆಯಲ್ಲೇ ಹಪ್ಪಳವನ್ನು ಕರಿಯುವವರನ್ನು ನಾನು ಕಂಡಿದ್ದೇನೆ. ಚಪಾತಿಯ ಮಣೆಯ ಮೇಲಿನ ಹಿಟ್ಟು, ಹೋಳಿಗೆ ಬೆಂದ ಕಾವಲಿ, ಕಣಕ ಮೆತ್ತಿದ ಕೈ, ಶಾವಿಗೆಯ ಪಾಯಸದಿಂದ ಅಕ್ಕಿಯ ಪಾಯಸಕ್ಕೆ ಹೋದ ಸೌಟು, ಇವುಗಳಿಂದ ಬರುವ ಗ್ಲುಟೆನ್ ಇಂಗಿನದಕ್ಕಿಂತ ಎಷ್ಟೋ ಹೆಚ್ಚು. ಬೆಂಕಿಯಲ್ಲಿ ಬೆಂದರೆ, ಎಣ್ಣೆಯಲ್ಲಿ ಕುದಿದರೆ ಅದು ನಾಶವಾಗುತ್ತದೆಂಬುದು ತಪ್ಪು. ಗ್ಲುಟೆನ್ ರೋಗಾಣುವಲ್ಲ, ಅಡಿಗೆಯ ಶಾಖಕ್ಕೆ ಅದರ ಕೇಡು ಹೋಗದು.

ಇದನ್ನು ನನ್ನ ತಾಯಿಯವರಿಗೆ ತಿಳಿಸುವುದು ಕಷ್ಟವೆಂದು ನಾವು ಭಾವಿಸಿದ್ದೆವು. ಅಣು, ಪ್ರೋಟೀನು, ಕಿಣ್ವಗಳ ವಿವರಣೆಯನ್ನೆಲ್ಲ ಅವರು ತಾಳ್ಮೆಯಿಂದ ಕೇಳಿ, "ಹಾಗಾದರೆ ಅವಳ ಅಡಿಗೆ ಮಡಿಯಲ್ಲಿ ಆಗಬೇಕು ಅನ್ನಿ" ಎಂದರು. ಮೊದಲು ಅವಳದು, ಬೇರೆ ಪಾತ್ರೆ, ಬೇರೆ ಸೌಟು, ಹೊಸ ಎಣ್ಣೆ. ಮುಚ್ಚಿ ಎತ್ತಿಟ್ಟ ಮೇಲೆ ಉಳಿದವರದು. ಮುಸುರೆ, ಎಂಜಲುಗಳ ವ್ಯವಸ್ಥೆಯಲ್ಲಿ ಬೆಳೆದವರಿಗೆ ಕಣ್ಣಿಗೆ ಕಾಣದ ಸೋಂಕಿನ ಕಲ್ಪನೆ ಹೊಸದಲ್ಲ. ಮಡಿಯ ಹೆಸರಿನಲ್ಲಿ ಮನುಷ್ಯರನ್ನು ದೂರವಿಟ್ಟ ಅನ್ಯಾಯವನ್ನು ಮರೆತು ನಾನು ಈ ಮಾತನ್ನು ಹೇಳುತ್ತಿಲ್ಲ. ಇಲ್ಲಿ ದೂರವಿಡಬೇಕಾದುದು ಹಿಟ್ಟನ್ನು ಮಾತ್ರ. ಅದೂ ಒಬ್ಬಳನ್ನು ಪಂಕ್ತಿಯೊಳಗೆ ಸೇರಿಸಿಕೊಳ್ಳುವುದಕ್ಕಾಗಿ.

ಹಬ್ಬಕ್ಕಿಂತ ಉಪವಾಸದ ದಿನಗಳೇ ನಮ್ಮಲ್ಲಿ ಹೆಚ್ಚು ಕಷ್ಟದವು ಎಂದರೆ ಆಶ್ಚರ್ಯವಾದೀತು. ಕರ್ನಾಟಕದಲ್ಲಿ ಅನ್ನವೆಂದರೆ ಮುಖ್ಯವಾಗಿ ಅಕ್ಕಿಯದು. ಒಪ್ಪತ್ತು ಮಾಡುವವರು ರಾತ್ರಿ ಅನ್ನವನ್ನು ಬಿಟ್ಟು ಫಲಾಹಾರವೆಂದು ಉಪ್ಪಿಟ್ಟನ್ನೋ ಚಪಾತಿಯನ್ನೋ ತಿನ್ನುತ್ತಾರೆ. ಅವಲಕ್ಕಿಯೂ ಉಂಟು, ಆದರೂ ಆ ರಾತ್ರಿ ಅಡಿಗೆಮನೆಯಲ್ಲಿ ಗೋಧಿಯದೇ ರಾಜ್ಯ. ಉತ್ತರ ಭಾರತದಲ್ಲಿ ದಿನದ ಊಟವೇ ಗೋಧಿಯ ರೊಟ್ಟಿ. ಆದುದರಿಂದ ನವರಾತ್ರಿಯ ವ್ರತದಲ್ಲಿ ಬಿಡುವುದೂ ಗೋಧಿಯನ್ನೇ. ಆಗ ಅಲ್ಲಿ ಕುಟ್ಟು ಎಂಬ ಬೀಜದ ಹಿಟ್ಟು, ಸಿಂಘಾಡವೆಂಬ ನೀರುಕಾಯಿಯ ಹಿಟ್ಟು, ರಾಜಗಿರಿ ಬೀಜ, ಸಾಬಕ್ಕಿ, ಊದಲಕ್ಕಿ, ಆಲೂಗಡ್ಡೆಗಳ ಅಡಿಗೆ ನಡೆಯುತ್ತದೆ. ಇವುಗಳಲ್ಲಿ ಯಾವುದರಲ್ಲಿಯೂ ಗ್ಲುಟೆನ್ ಇಲ್ಲ.

ಈ ಸಂಗತಿಯನ್ನು ಅರಿತು ನನ್ನ ತಂಗಿಯ ಮನೆಯವರು ಕಾಶಿಯಾತ್ರೆಯನ್ನು ಶರನ್ನವರಾತ್ರಿಗೇ ಇಟ್ಟುಕೊಂಡರು. ರೈಲಿನ ಎರಡು ದಿನಗಳಿಗೆ ಮನೆಯಿಂದಲೇ ಬುತ್ತಿ: ಒಂದು ಕಟ್ಟು ಒಣಗಿದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ, ಒಂದು ಗೊನೆ ಬಾಳೆಯಹಣ್ಣು. ವಾರಗಟ್ಟಲೆ ಕೆಡದ ಖಡಕ್ ರೊಟ್ಟಿಗಿಂತ ಉತ್ತಮವಾದ ಪ್ರವಾಸದ ಆಹಾರವನ್ನು ಈ ರೋಗಿಗಳಿಗಾಗಿ ಯಾರಾದರೂ ಹೊಸದಾಗಿ ಕಂಡುಹಿಡಿಯಬಲ್ಲರೇ ಎಂದು ನನಗೆ ಸಂದೇಹ. ವಿದ್ಯುತ್ತಿನಿಂದ ನಡೆಯುವ ಒಂದು ಪುಟ್ಟ ಅನ್ನದ ಕುಕ್ಕರೂ ಸಂಗಡ ಹೋಯಿತು. ಹುಡುಗಿಯ ತಂದೆ ಒಂದು ಚೀಟಿಯಲ್ಲಿ ಹಿಂದಿಯಲ್ಲಿ ಬರೆಸಿಕೊಂಡಿದ್ದರು: ಗೇಹೂ, ಆಟಾ, ಮೈದಾ, ಸೂಜಿ, ದಲಿಯಾ, ಜೌ, ಇವು ಯಾವುವೂ ಕೂಡದು, ಇವುಗಳನ್ನು ಮುಟ್ಟಿದ ಎಣ್ಣೆಯೂ ಕಾವಲಿಯೂ ಕೂಡದು. 'ಗೋಧಿ ಬೇಡ' ಎಂದಷ್ಟೇ ಹೇಳಿದರೆ ಸೂಜಿಯ ಹಲ್ವ ಬಂದೀತು. ರವೆಯೂ ಗೋಧಿಯೇ ಎಂಬುದು ಬಡಿಸುವವನ ನೆನಪಿಗೆ ಬಾರದೆ ಹೋಗಬಹುದು. ಕೇಳಿದವರಿಗೆ ಅವರು 'ಗೋಧಿಯ ಅಲರ್ಜಿ' ಎಂದೇ ಹೇಳಿದರಂತೆ. ಶಾಸ್ತ್ರೀಯವಾಗಿ ಇದು ತಪ್ಪು. ಅಲರ್ಜಿಯ ಕ್ರಮವೇ ಬೇರೆ. ಆದರೆ ಅಡಿಗೆಯವನಿಗೆ ಬೇಗ ತಿಳಿಯುವ ಮಾತು ಅದು, ನಾನು ಆಕ್ಷೇಪಿಸಲಾರೆ.

ಕಾಶಿಯಲ್ಲಿ ಮೊದಲ ಸಲ ಹುಡುಗಿ ಹೋಟೆಲಿನಲ್ಲಿ ಕುಳಿತು ವ್ರತದ ಊಟವನ್ನು ಪೂರ್ತಿಯಾಗಿ ಉಂಡಳು. ಕಟ್ಟುನಿಟ್ಟಾಗಿ ವ್ರತ ನಡೆಸುವ ಅಡಿಗೆಯವರು ಧಾನ್ಯ ಸೋಕಿದರೆ ವ್ರತಭಂಗವೆಂದು ಪಾತ್ರೆಗಳನ್ನೂ ಎಣ್ಣೆಯನ್ನೂ ಬೇರೆಯಿಡುತ್ತಾರೆ. ಎಲ್ಲರೂ ಹಾಗಲ್ಲ. ಎರಡನೆಯ ದಿನ ಮತ್ತೊಂದು ಕಡೆ ಕುಟ್ಟಿನ ಪೂರಿಯನ್ನು ಗೋಧಿಯ ಕಚೋರಿ ಕರಿಯುತ್ತಿದ್ದ ಬಾಣಲೆಗೇ ಬಿಡುತ್ತಿದ್ದುದನ್ನು ಕಂಡು ಎದ್ದುಬಂದರು. ವರ್ಷವಿಡೀ ಗೋಧಿಯನ್ನು ಬೀಸುವ ಗಿರಣಿಯಲ್ಲಿಯೇ ಕುಟ್ಟನ್ನೂ ಬೀಸಿದರೆ ಹಿಟ್ಟಿನಲ್ಲಿಯೇ ಗೋಧಿ ಬೆರೆತಿರುತ್ತದೆ. ನಮ್ಮೂರಿನ ಗಿರಣಿಯಲ್ಲಿ ರಾಗಿ ಬೀಸಿಸುವಾಗಲೂ ಇದೇ ತೊಡಕು. ಆ ರಾತ್ರಿ ಕುಕ್ಕರಿನ ಅನ್ನ, ಮೊಸರು.

ನಮ್ಮ ನಾಡಿನೊಳಗಿನ ಪ್ರವಾಸ ಇದಕ್ಕಿಂತ ಸುಲಭವೆನ್ನಬೇಕು. ಅಕ್ಕಿ ಉದ್ದಿನ ಇಡ್ಲಿ, ನೀರುದೋಸೆ, ಅಕ್ಕಿರೊಟ್ಟಿ, ಮುದ್ದೆ ಎಲ್ಲಿಯಾದರೂ ಸಿಕ್ಕುತ್ತವೆ. ದೋಸೆಯ ಹಿಟ್ಟಿಗೆ ಮೈದಾ ಅಥವಾ ರವೆ ಬೆರೆಸುವ ಹೋಟೆಲುಗಳಿವೆ. ರವೆದೋಸೆಯಲ್ಲಂತೂ ಅದು ಇದ್ದೇ ಇದೆ. ಕೇಳುವ ಸಂಕೋಚವನ್ನು ಬಿಡಬೇಕು, ಅಷ್ಟೆ. ವಿಮಾನದಲ್ಲಿ ದೂರದೇಶಕ್ಕೆ ಹೋಗುವವರು ಮುಂಚಿತವಾಗಿ ತಿಳಿಸಿದರೆ ಅನೇಕ ಸಂಸ್ಥೆಗಳು 'ಜಿಎಫ್‌ಎಂಎಲ್' ಎಂಬ ಗುರುತಿನ ಗ್ಲುಟೆನ್‌ರಹಿತ ಊಟವನ್ನು ಕೊಡುತ್ತವೆ. ಗೋಧಿಯ ಪಾಸ್ತವನ್ನೇ ಉಂಡು ಬದುಕುವ ಇಟಲಿಯಲ್ಲಿ ಈ ರೋಗಿಗಳಿಗಾಗಿ 2005ರಲ್ಲಿ ಶಾಸನವೇ ಆಗಿದೆ. ಶಾಲೆ, ಆಸ್ಪತ್ರೆಗಳ ಭೋಜನಶಾಲೆಗಳಲ್ಲಿ ಕೇಳಿದವರಿಗೆ ಇಂಥ ಊಟ ಕೊಡಬೇಕು.

ಊಟವನ್ನು ನಿರಾಕರಿಸಬಹುದು, ಪ್ರಸಾದವನ್ನು ನಿರಾಕರಿಸುವುದು ಹೇಗೆ? ಈ ಪ್ರಶ್ನೆ ನಮ್ಮವರಿಗೆ ಮಾತ್ರ ಬಂದುದಲ್ಲ. ಕ್ಯಾಥೊಲಿಕ್ ಕ್ರೈಸ್ತರ ಪೂಜೆಯಲ್ಲಿ ಕೊಡುವ ರೊಟ್ಟಿಯ ಬಿಲ್ಲೆ ಗೋಧಿಯದೇ ಆಗಿರಬೇಕು. ಗ್ಲುಟೆನ್ ಪೂರ್ತಿಯಾಗಿ ತೆಗೆದ ಬಿಲ್ಲೆ ಸಲ್ಲದು, ಅತ್ಯಲ್ಪವಾಗಿ ಉಳಿದಿರುವುದು ಸಲ್ಲುತ್ತದೆ, ಅದನ್ನೂ ತಾಳದವರು ದ್ರಾಕ್ಷಾರಸವನ್ನು ಮಾತ್ರ ಸ್ವೀಕರಿಸಬಹುದು ಎಂದು 2003ರಲ್ಲಿ ವ್ಯಾಟಿಕನ್ ತಿಳಿಸಿತು. ಯೆಹೂದ್ಯರ ಪಾಸೋವರ್ ಹಬ್ಬದಲ್ಲಿ ತಿನ್ನಲೇಬೇಕಾದ ಹುಳಿಯಿಲ್ಲದ ರೊಟ್ಟಿಯನ್ನು ಐದು ಗೊತ್ತಾದ ಧಾನ್ಯಗಳಲ್ಲೊಂದರಿಂದ ಮಾಡಬೇಕು. ಆ ಐದರಲ್ಲಿ ಓಟ್ಸ್ ಸೇರಿರುವುದಾಗಿ ಎಣಿಸುವುದರಿಂದ, ಗೋಧಿ ಸೋಕದಂತೆ ಬೆಳೆದು ಬೀಸಿದ ಓಟ್ಸಿನ ರೊಟ್ಟಿಯನ್ನು ಇವರಿಗಾಗಿ ಮಾಡುತ್ತಾರೆ. ನಮ್ಮ ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ ಗೋಧಿರವೆಯದು. ಆದರೆ ವ್ರತದ ಕಥೆಯಲ್ಲಿಯೇ, ಗೋಧಿ ಇಲ್ಲದಿದ್ದರೆ ಅಕ್ಕಿಯ ಹಿಟ್ಟಾದರೂ ಆಗಬಹುದೆಂದು ಹೇಳಿದೆ. ಈ ರೋಗದ ವಾಸನೆಯೇ ಇಲ್ಲದ ಕಾಲದಲ್ಲಿ ಬರೆದಿಟ್ಟ ಆ ಅನುಕೂಲವನ್ನು ತೋರಿಸಿದಾಗ ನಮ್ಮ ಪುರೋಹಿತರು ಮರುಮಾತಿಲ್ಲದೆ ಒಪ್ಪಿದರು. ನಮ್ಮ ಮನೆಯಲ್ಲಿ ಈಗ ಸಜ್ಜಿಗೆ ಅಕ್ಕಿತರಿಯದು, ಎಲ್ಲರಿಗೂ.

ದಕ್ಷಿಣದವರಾದ ನಮಗೆ ಈ ರೋಗ ಅಪರೂಪವಲ್ಲವೆ ಎಂದು ಕೇಳಬಹುದು. 2016ರಲ್ಲಿ ಪ್ರಕಟವಾದ, ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ವಯಸ್ಕರ ಒಂದು ಸಮೀಕ್ಷೆಯಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ 1.23 ಮಂದಿಗೆ, ದಕ್ಷಿಣದಲ್ಲಿ ನೂರಕ್ಕೆ 0.10 ಮಂದಿಗೆ ಈ ರೋಗವಿದ್ದುದು ಕಂಡಿತು. ಆದರೆ ಡಿಕ್ಯೂ2, ಡಿಕ್ಯೂ8 ಬಗೆಯವರು ಎರಡು ಕಡೆಯೂ ಹೆಚ್ಚುಕಡಮೆ ಸಮ: ಮೂವರಲ್ಲೊಬ್ಬರಿಗಿಂತ ತುಸು ಹೆಚ್ಚು. ವ್ಯತ್ಯಾಸವಿದ್ದುದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ, ದಕ್ಷಿಣದವರು 25 ಗ್ರಾಂ. ಕೀಲಿಕೈಯ ಬೀಗ ನಮ್ಮಲ್ಲಿಯೂ ಇದೆಯೆಂದಾಯಿತು. ನಮ್ಮ ಊಟದಲ್ಲಿ ಗೋಧಿ ಹೆಚ್ಚಿದರೆ ಏನಾಗುವುದೆಂಬುದನ್ನು ಯೋಚಿಸಬೇಕಾದುದೇ. ಹಾಗೆಂದು ಆರೋಗ್ಯವಂತರು ಗೋಧಿಗೆ ಹೆದರಬೇಕಾಗಿಲ್ಲ. ರೋಗದ ಸಂಶಯವಿದ್ದವರು ಕೂಡ ಪರೀಕ್ಷೆಗೆ ಮೊದಲೇ ಗೋಧಿಯನ್ನು ಬಿಡಕೂಡದು. ಬಿಟ್ಟರೆ ರಕ್ತದಲ್ಲಿನ ಪ್ರತಿಕಾಯಗಳು ಇಳಿದು, ಕರುಳಿನ ಬೆರಳುಗಳು ಚಿಗುರಿ, ಇರುವ ರೋಗವೂ ಪರೀಕ್ಷೆಯಲ್ಲಿ ಕಾಣದೆ ಹೋದೀತು.

ಮರುವರ್ಷದ ಯುಗಾದಿಗೆ ನನ್ನ ತಾಯಿಯವರು ಅಕ್ಕಿಹಿಟ್ಟಿನ ಕಣಕದಲ್ಲಿ ಹೋಳಿಗೆ ಮಾಡಲು ಹೊರಟರು. ಬಲೆಯಿಲ್ಲದ ಕಣಕ ಹಿಗ್ಗುವುದೆಲ್ಲಿಂದ? ತಟ್ಟಿದ ಮೂರೂ ಹರಿದು ಹೂರಣವೆಲ್ಲ ಕಾವಲಿಗೆ ಹತ್ತಿತು. ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದು, ಉಕ್ಕರಿಸಿದ ಹಿಟ್ಟನ್ನು ಬಟ್ಟಲಿನಂತೆ ತಿದ್ದಿ, ಅದೇ ಹೂರಣವನ್ನು ತುಂಬಿ, ಬಾಳೆಯೆಲೆಯಲ್ಲಿ ಸುತ್ತಿ ಹಬೆಗಿಟ್ಟರು. ಪಂಕ್ತಿಯಲ್ಲಿ ಹುಡುಗಿಗೆ ಮೊದಲು ಬಡಿಸಿದರು. ಅವಳ ಪಕ್ಕದಲ್ಲಿ ಕುಳಿತಿದ್ದ ತಮ್ಮ, ತನಗೆ ಹೋಳಿಗೆ ಬೇಡ, ಅಕ್ಕನಿಗೆ ಹಾಕಿದ್ದೇ ಬೇಕೆಂದು ಹಟ ಹಿಡಿದನು.